ಇನ್ನೊಂಚೂರು ಮೇಸ್ತ್ರಿ

ಎರಕದ ಕಾರ್ಖಾನೆಯಲ್ಲಿ ಅಪ್ಪನಿಗೆ ಇನ್ನೊಂಚೂರು ಮೇಸ್ತ್ರಿ ಎಂದೇ ಹೆಸರು. ಅಚ್ಚು ತುಂಬಿತೆಂದು ಉಳಿದವರು ಸೌಟು ಎತ್ತಿದರೂ ಇವನದು ಒಂದೇ ರಾಗ: "ಇನ್ನೊಂಚೂರು." ಅಚ್ಚಿನ ನೆತ್ತಿಯ ಮೇಲೊಂದು ಕುಳಿ ಇರುತ್ತದೆ. ಅದು ಅಂಚಿನವರೆಗೂ ತುಂಬದ ಹೊರತು ಅಪ್ಪ ಕದಲುತ್ತಿರಲಿಲ್ಲ.

ಚಿಕ್ಕವಳಿದ್ದಾಗ ಯಾಕೆಂದು ಕೇಳಿದ್ದೆ. "ಕರಗಿದ ಕಂಚಲ್ಲಿ ಕಣಗಳು ಕೈಕಾಲು ಚಾಚ್ಕೊಂಡು ಓಡಾಡ್ತಿರ್ತವೆ ಕಣಮ್ಮ. ಗಟ್ಟಿಯಾಗುವಾಗ ಒತ್ತೊತ್ತಾಗಿ ಕೂರ್ತವೆ. ಆಗ ಖಾಲಿಯಾಗೋ ಜಾಗಕ್ಕೆ ಮೇಲಿನ ಕುಳಿಯಿಂದ ಕಂಚು ಇಳೀಬೇಕು. ಇಲ್ದಿದ್ರೆ ಹೊಟ್ಟೆ ಪೊಳ್ಳು," ಎಂದಿದ್ದ. ಮೂವತ್ತೊಂದು ವರ್ಷ ಅವನ ಒಂದು ಎರಕವೂ ತಿರಸ್ಕೃತವಾಗಿರಲಿಲ್ಲ.

ಈಗ ಅದೇ ಕಾರ್ಖಾನೆಯಲ್ಲಿ ತೂಕ ನೋಡುವವಳು ನಾನು. ಪ್ರತಿ ಎರಕವನ್ನೂ ಮೊದಲು ಹಾಗೇ ತೂಗಿ, ಆಮೇಲೆ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತೂಗಬೇಕು.

ಅವತ್ತಿನದು ಆಸ್ಪತ್ರೆಯೊಂದರ ಲಿಫ್ಟಿನ ಹಲ್ಲುಗಾಲಿ. ಹೊರಮೈ ಕನ್ನಡಿಯಂತಿತ್ತು. ಬಾಗಿಲಲ್ಲಿ ಲಾರಿ ಕಾಯುತ್ತಿತ್ತು. ಹೊರಗೆ ಇಪ್ಪತ್ತೈದು ಕಿಲೋ ತೂಗಿದ್ದು ನೀರಿನಲ್ಲಿ ಇಪ್ಪತ್ತೆರಡಾಯಿತು. ಕಡಿಮೆಯಾದ ಮೂರು ಕಿಲೋ ಎಂದರೆ ಗಾಲಿ ಸರಿಸಿದ ನೀರಿನ ತೂಕ; ಅಷ್ಟು ಜಾಗ ಹಿಡಿಯುವ ನಮ್ಮ ಕಂಚು ಇಪ್ಪತ್ತಾರೂಕಾಲು ತೂಗಬೇಕು. ಒಂದೂಕಾಲು ಕಿಲೋ ಎಲ್ಲಿ ಹೋಯಿತು?

"ಗುಳ್ಳೆ ಅಂಟ್ಕೊಂಡಿರ್ಬೇಕು, ಒರೆಸಿ ನೋಡು," ಎಂದ ಅಪ್ಪ. ಹಲ್ಲು ಹಲ್ಲನ್ನೂ ಬ್ರಷ್‌ನಿಂದ ಉಜ್ಜಿ ಮತ್ತೆ ಮುಳುಗಿಸಿದೆ. ಮುಳ್ಳು ಅಲ್ಲೇ ನಿಂತಿತು.

"ಮೇಸ್ತ್ರಿ ಕೈ ನಮಗೆ ಗೊತ್ತಿಲ್ವೇನಮ್ಮ? ಸಹಿ ಹಾಕು, ಲಾರಿ ಹೊರಡಲಿ," ಎಂದರು ಕಾರ್ಖಾನೆಯ ಯಜಮಾನರು.

ಪೆನ್ನು ಕೈಯಲ್ಲೇ ಉಳಿಯಿತು. ಸಹಿ ಹಾಕಿದರೆ ಆ ಗಾಲಿಯನ್ನು ನಂಬಿ ರೋಗಿಗಳು ಏರಿಳಿಯುತ್ತಾರೆ. ಹಾಕದಿದ್ದರೆ ಅಪ್ಪನ ಮೂವತ್ತೊಂದು ವರ್ಷದ ಹೆಸರಿಗೆ ಮಗಳೇ ಮಸಿ ಬಳಿದಂತೆ. ಅಪ್ಪನ ಕಡೆ ನೋಡಲು ನನಗೆ ಭಯವಾಯಿತು.

"ತೂಕ ಸರಿಯಿಲ್ಲ. ಸಹಿ ಹಾಕಲ್ಲ," ಎಂದೆ.

ಯಜಮಾನರ ಮುಖ ಗಂಟಿಕ್ಕಿತು. ಅವರು ಬಾಯಿ ತೆರೆಯುವ ಮೊದಲೇ ಅಪ್ಪ ಗಾಲಿಯನ್ನು ತೊಟ್ಟಿಯಿಂದೆತ್ತಿ ಗರಗಸದ ಯಂತ್ರಕ್ಕೆ ಬಿಗಿದ. ಕೊಯ್ದು ಮುಗಿಯಲು ಹತ್ತು ನಿಮಿಷವಾಯಿತು. ಎರಡು ಹೋಳಾದಾಗ ನಡುವೆ ಒರಟಾದ ಕರಿ ಪೊಳ್ಳು ಕಂಡಿತು. ಅಪ್ಪ ಅದರೊಳಗೆ ಬೆರಳಿಟ್ಟ. ಎರಡು ಗೆಣ್ಣಿನವರೆಗೂ ಹೋಯಿತು.

"ಕುಳಿ ಅರ್ಧ ತುಂಬಿತ್ತು ಅಷ್ಟೇ," ಎಂದ, ಯಜಮಾನರಿಗಲ್ಲ, ನನಗೆ. "ಕೈ ನಡುಗ್ತಿತ್ತು ಕಣಮ್ಮ. ಯಾರಾದ್ರೂ ನೋಡಿಬಿಟ್ಟಾರು ಅಂತ ಸಾಕು ಅಂದ್ಬಿಟ್ಟೆ."

ಇಷ್ಟು ದಿನ ಮನೆಯಲ್ಲಿ ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

ಮರುದಿನ ಅದೇ ಗಾಲಿಗೆ ಮತ್ತೆ ಅಚ್ಚು. ಸೌಟು ಬೇರೆಯವರ ಕೈಯಲ್ಲಿತ್ತು. ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ, ಪಕ್ಕದಲ್ಲಿ ನಾನು. ಅಚ್ಚು ತುಂಬಿ ಕಂಚು ಕುಳಿಗೆ ಏರಿತು. ಸೌಟಿನವನು ಅಪ್ಪನ ಮುಖ ನೋಡಿದ. ಅಪ್ಪ ನನ್ನ ಮುಖ ನೋಡಿದ.

"ಇನ್ನೊಂಚೂರು," ಎಂದೆ.