ಬೆನ್ನಿಗೆ ಬಿದ್ದ ಏಟು

ಬೇಸಿಗೆ ರಜೆಯಲ್ಲಿ ಬನಶಂಕರಿಯ ಕಡೆ ಹೋದರೆ, ನಮ್ಮ ಹಳೆಯ ಮನೆಯ ಪಕ್ಕದ ಅಜ್ಜಿಯನ್ನು ನೋಡದೆ ಬರುತ್ತಿರಲಿಲ್ಲ. ಅವರು ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಹಣ್ಣು ಬಿಡಿಸುತ್ತ, "ನಿಧಾನ ಕಣ್ರೋ, ಹಣ್ಣೇನು ಓಡಿಹೋಗಲ್ಲ" ಎನ್ನುತ್ತಿದ್ದರು.

ಒಂದು ರಜೆಯಲ್ಲಿ ಐದು ವರ್ಷದ ನನ್ನ ಮಗ ತೊಳೆಯನ್ನು ಬೀಜದ ಸಮೇತ ಬಾಯಿಗೆ ಹಾಕಿಕೊಂಡ. ಬೀಜ ಗಂಟಲಲ್ಲಿ ಸಿಕ್ಕಿತು. ಅವನಿಗೆ ಕೆಮ್ಮಲೂ ಆಗಲಿಲ್ಲ, ತುಟಿ ನೀಲಿಯಾಯಿತು. ನಾನು ಏನು ಮಾಡಬೇಕೆಂದು ತೋಚದೆ ನಿಂತಿದ್ದೆ. ಅಜ್ಜಿ ಅವನನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಹೊಡೆದರು. ನಾಲ್ಕನೆಯ ಏಟಿಗೆ ಬೀಜ ನೆಲಕ್ಕೆ ಬಿತ್ತು.

ಉಸಿರು ಬಂದೊಡನೆ ಮಗ ಜೋರಾಗಿ ಅತ್ತ. "ಯಾಕಜ್ಜಿ ಹೊಡ್ದೆ ನನ್ನ?"

"ತಪ್ಪಾಯ್ತು ಕಣೋ ಕಂದ. ಇನ್ನೊಂದ್ಸಲ ಹೊಡಿಯಲ್ಲ" ಎಂದರು ಅಜ್ಜಿ.

ಏಟು ಕೊಟ್ಟ ಅವರ ಕೈಯನ್ನು ನಾನು ಎರಡೂ ಕೈಗಳಿಂದ ಹಿಡಿದುಕೊಂಡೆ.