ಬಡಾಖಾನಾದಲ್ಲಿ ಬಡಿಸುವವರು

ಟ್ರಂಕಿನ ಮುಚ್ಚಳ ತೆಗೆದರೆ ಸಾಕು, ಬೂಟ್ ಪಾಲಿಶ್ ಮತ್ತು ಡಾಂಬರ್ ಗುಳಿಗೆಯ ವಾಸನೆ ನಡುಮನೆಯನ್ನೆಲ್ಲ ತುಂಬಿಕೊಳ್ಳುತ್ತದೆ. ನಮ್ಮ ಯಜಮಾನರು ಸೈನ್ಯದಿಂದ ನಿವೃತ್ತರಾಗಿ ಶಿಗ್ಗಾಂವಿಗೆ ಬಂದು ವರ್ಷಗಳೇ ಕಳೆದವು. ಈ ಕಪ್ಪು ಟ್ರಂಕಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಕ್ರಿಸ್ಮಸ್ಸಿಗೆ ಮುಂಚೆ ಅದರೊಳಗಿನ ಸ್ವೆಟರುಗಳನ್ನು ಬಿಸಿಲಿಗೆ ಹಾಕುವುದು ನನ್ನ ಪಾಲಿನ ಡ್ಯೂಟಿ. ಮೊನ್ನೆ ಹಾಗೆ ತೆಗೆಯುವಾಗ ಆ ವಾಸನೆಗೆ ಕರುಣಾ ನೆನಪಾದಳು. ಅವಳ ಕಥೆ ಹೇಳುತ್ತೇನೆ. ಆದರೆ ಮೊದಲು ನಮ್ಮ ಸಾಹೇಬರ ಬಗ್ಗೆ ಎರಡು ಮಾತು ಆಡದಿದ್ದರೆ ಮನೆಯಲ್ಲಿ ಶಾಂತಿ ಇರುವುದಿಲ್ಲ.

ಸಾಹೇಬರು ಎಂದರೆ ನನ್ನ ಗಂಡ. ಸುಬೇದಾರರಾಗಿದ್ದವರು. ಭಾನುವಾರ ಎಲ್ಲರಿಗಿಂತ ಮೊದಲು ಚರ್ಚಿಗೆ ಹೋಗಿ, ಗಂಟೆ ಬಾರಿಸುವವನನ್ನು ಮನೆಯಿಂದ ಎಬ್ಬಿಸಿ ತರುವವರು ಇವರೇ. ಇವರ ಬೆನ್ನಿಗೆ ಬಿದ್ದು ನಾನು ಸುತ್ತದ ಕಂಟೋನ್ಮೆಂಟಿಲ್ಲ. ಅಲ್ಲೆಲ್ಲ ಕ್ರೈಸ್ತರಿಗೆ ಪ್ರಾರ್ಥನೆಗೆ ಒಂದೇ ಕೋಣೆ, ಒಬ್ಬರೇ ಪಾದ್ರಿ. ಕೇರಳದವರು, ನಾಗಾಲ್ಯಾಂಡಿನವರು, ಪಂಜಾಬಿನವರು ಒಂದೇ ಜಮಖಾನೆಯ ಮೇಲೆ ಕೂರುತ್ತಿದ್ದೆವು. ಮೊಣಕಾಲೂರುವವರು ಊರುತ್ತಿದ್ದರು, ಚಪ್ಪಾಳೆ ತಟ್ಟುವವರು ತಟ್ಟುತ್ತಿದ್ದರು, ನನ್ನಂಥವರು ಸುಮ್ಮನೆ ಕೂತು ಅಡುಗೆಯ ಚಿಂತೆ ಮಾಡುತ್ತಿದ್ದೆವು. ಶಿಗ್ಗಾಂವಿಗೆ ಬಂದು ನೋಡಿದರೆ ಇರುವುದೇ ಬೆರಳೆಣಿಕೆಯ ಕ್ರೈಸ್ತ ಮನೆಗಳು, ಅವಕ್ಕೆ ಮೂರು ಬಾಗಿಲು. ನಮ್ಮದು ಪ್ರೊಟೆಸ್ಟಂಟ್ ಚರ್ಚು, ಆಚೆ ಓಣಿಯಲ್ಲಿ ಕ್ಯಾಥೊಲಿಕರದ್ದು, ಬಸ್ ನಿಲ್ದಾಣದ ಹಿಂದೆ ಚಪ್ಪಾಳೆಯವರ ಪ್ರಾರ್ಥನಾ ಮಂದಿರ. ಸಂತೆಯಲ್ಲಿ ಸಿಕ್ಕರೆ ಬದನೆಕಾಯಿಯ ಬಗ್ಗೆ ಎಷ್ಟು ಬೇಕಾದರೂ ಮಾತಾಡುವ ಜನ, ದೇವರ ಮಾತು ಬಂದರೆ ಚೀಲ ಎತ್ತಿಕೊಂಡು ಹೊರಡುತ್ತಿದ್ದರು.

ಸೈನಿಕರ ಮನೆಯ ಫೌಜಿ ಮಕ್ಕಳಿಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. ಅಪ್ಪ ಗಡಿಯಲ್ಲಿ, ಅವ್ವನೊಡನೆ ಮಕ್ಕಳು ಅಜ್ಜನ ಊರಿನಲ್ಲಿ, ಇದು ನಮ್ಮ ಕಡೆ ನಡೆದು ಬಂದ ರೀತಿ. ಅಂಥ ಹದಿಹರೆಯದವರು ಶಿಗ್ಗಾಂವಿಯಲ್ಲೂ ಇದ್ದರು, ಸವಣೂರು, ಹಾನಗಲ್ಲ, ಹಿರೇಕೆರೂರುಗಳಲ್ಲೂ ಇದ್ದರು. ಅರ್ಧ ಹಿಂದಿ ಆಡುತ್ತ, ಊರ ಮಕ್ಕಳೊಡನೆ ಬೆರೆಯಲಾರದೆ, ಮೊಬೈಲು ಹಿಡಿದು ಮೂಲೆ ಸೇರುತ್ತಿದ್ದರು. ಇವರಿಗೆಲ್ಲ ಸೇರಿ ಒಂದು ಯೌವನಸ್ಥರ ಕೂಟ ಮಾಡೋಣವೆಂದು ನಾನು ಬಾಯಿಬಿಟ್ಟೆ. ನಮ್ಮಲ್ಲಿ ಬಾಯಿಬಿಟ್ಟವರ ಹೆಗಲಿಗೇ ಕೆಲಸ. ಯಾವ ಚರ್ಚಿನಲ್ಲಿ ಸೇರಿದರೂ ಉಳಿದೆರಡಕ್ಕೆ ಸಿಟ್ಟು ಬರುವುದರಿಂದ ಪ್ರತಿ ತಿಂಗಳ ಎರಡನೇ ಶನಿವಾರ ನಮ್ಮ ಮನೆಯ ಪಡಸಾಲೆಯಲ್ಲೇ ಸೇರತೊಡಗಿದೆವು.

ಮೊದಲ ದಿನ ಯಾರು ಯಾವ ಚರ್ಚಿನವರೆಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಸಾಹೇಬರು "ಫಾಲಿನ್!" ಎಂದು ಕೂಗಿದರು. ಮಕ್ಕಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತುಬಿಟ್ಟವು. ಆಮೇಲೆ ಯಾರನ್ನು ಏನೆಂದು ಕೇಳಲಿ? ನಾನು ಐಕ್ಯತೆಯ ಬಗ್ಗೆ ಉದ್ದನೆಯ ಪಾಠ ಸಿದ್ಧ ಮಾಡಿಕೊಂಡಿದ್ದೆ. ಅರ್ಧಕ್ಕೆ ಬರುವಾಗ ಹಿರೇಕೆರೂರಿನ ಹುಡುಗ ಆಕಳಿಸಿದ. ಅವನನ್ನು ನೋಡಿ ಸವಣೂರಿನವಳು ಆಕಳಿಸಿದಳು, ಕೊನೆಗೆ ಸಾಲಿಗೆ ಸಾಲೇ ಆಕಳಿಸಿತು. ಐಕ್ಯತೆಯನ್ನು ಕಣ್ಣಾರೆ ಕಂಡು ಪಾಠ ನಿಲ್ಲಿಸಿದೆ, ಚುರುಮುರಿ ಕಲಸಿದೆ.

ಆ ಗುಂಪಿನ ಹುಡುಗಿ ಕರುಣಾ. ಒಂಬತ್ತನೆಯ ತರಗತಿ, ಸಣಕಲು ಮೈ, ದೊಡ್ಡ ದನಿ. ಅವಳ ಅಪ್ಪ ಹವಾಲ್ದಾರ್ ಪ್ರಭಾಕರ ಹಿಮದ ಕಡೆ ಎಲ್ಲೋ ಇದ್ದ. ಅಪ್ಪನ ಅಪ್ಪ ದಾನಪ್ಪನವರು ನಮ್ಮ ಚರ್ಚಿನ ಹಿರಿಯರು, ಬಸ್ ಕಂಡಕ್ಟರಾಗಿದ್ದವರು. ಅವ್ವನ ಅಪ್ಪ ಅಂತೋನಪ್ಪನವರು ಹೊಲಿಗೆ ಅಂಗಡಿಯವರು, ಕ್ಯಾಥೊಲಿಕ್ ಚರ್ಚಿನ ಕಂಬವೆಂದರೆ ಅವರೇ. ಮದುವೆ ಯಾವ ಚರ್ಚಿನಲ್ಲಿ ಆಗಬೇಕೆಂದು ಬೀಗರಿಬ್ಬರೂ ಹಟ ಹಿಡಿದಿದ್ದರಂತೆ. ಕೊನೆಗೆ ನಮ್ಮಲ್ಲೇ ಆಯಿತು. ಊಟದ ಪಂಕ್ತಿಯಲ್ಲಿ ದಾನಪ್ಪನವರು ಅದನ್ನೇ ಎತ್ತಿ ಏನೋ ಚಾಷ್ಟಿ ಮಾಡಿ ನಗಾಡಿದರಂತೆ, ಅಂತೋನಪ್ಪನವರು ಬಡಿಸಿದ ಎಲೆ ಬಿಟ್ಟು ಎದ್ದು ಹೋದರಂತೆ. ಅಂದಿನಿಂದ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟಿರಲಿಲ್ಲ.

"ಆಂಟಿ, ನಮ್ಮಪ್ಪಗ ಸೂಟಿ ಅಂದ್ರ ಹೆದರಿಕಿರಿ," ಎಂದಳು ಕರುಣಾ ಒಂದು ಶನಿವಾರ, ಚುರುಮುರಿಯ ತಟ್ಟೆ ಹಾಗೇ ಹಿಡಿದುಕೊಂಡು. "ಕ್ರಿಸ್ಮಸ್ ದಿನ ಈ ಅಜ್ಜನ ಮನ್ಯಾಗ ಉಂಡ್ರ ಆ ಅಜ್ಜಗ ಸಿಟ್ಟು. ಅಲ್ಲಿ ಉಂಡ್ರ ಇಲ್ಲಿ ಸಿಟ್ಟು. ಎರಡೂ ಕಡೆ ಉಂಡು ಹೊಟ್ಟಿನೋವು ಬಂದು ಮಲಗ್ತಾರ. ಈ ಸಲ ಅಪ್ಪ ಬರಾಕತ್ತಾರ. ಒಂದ ಸಲ, ಇಬ್ರೂ ಅಜ್ಜಾರನ್ನ ಒಂದ ಕಡೆ ನೋಡಿ ಅವ್ರು ಸಮಾಧಾನದಿಂದ ಉಣ್ಣಬೇಕ್ರಿ."

ಉಪಾಯವನ್ನೂ ಅವಳೇ ತೆಗೆದಳು, ಬಡಾಖಾನಾ ಮಾಡೋಣವೆಂದು. ಮಕ್ಕಳೆಲ್ಲ ಹೋ ಎಂದರು. ಪಲ್ಟನ್ನಿನಲ್ಲಿ ದೊಡ್ಡ ದಿನ ಬಂತೆಂದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಊಟ ಅದು. ಅಂದು ಅಧಿಕಾರಿಗಳೇ ಬಕೀಟು ಹಿಡಿದು ಜವಾನರಿಗೆ ಬಡಿಸುತ್ತಾರೆ, ತಾವು ಕೊನೆಗೆ ಉಣ್ಣುತ್ತಾರೆ. ಆ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಹಾಗಾಗಿ ಕರುಣಾ ಇಬ್ಬರು ಅಜ್ಜಂದಿರ ಚರ್ಚುಗಳಲ್ಲೂ ಎದ್ದು ನಿಂತು, "ಕ್ರಿಸ್ಮಸ್ ಮರುದಿನ ಎಲ್ಲಾರೂ ಕೂಡಿ ಬಡಾಖಾನಾ ಐತ್ರಿ, ಹಿರ್ಯಾರು ಮೊದಲ ಬರಬೇಕ್ರಿ," ಎಂದಷ್ಟೇ ಹೇಳಿ ಕೂತಳು. ಹಿರಿಯರು ಏಕೆ ಬರಬೇಕೆಂದು ಹೇಳುವುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಪಲ್ಟನ್ನಿನಲ್ಲಿ ಇಂಥದ್ದನ್ನು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಪ್ರಭಾಕರ ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಬಂದ. ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಪೆಂಡಾಲು ಎದ್ದಿತು, ಮಟನ್ ಸಾರು ಕುದಿಯಿತು, ದೊಡ್ಡ ಬೋಗುಣಿಯ ತುಂಬ ಗೋಧಿ ಹುಗ್ಗಿ ತಯಾರಾಯಿತು. ದಾನಪ್ಪನವರು ಇಸ್ತ್ರಿ ಮಾಡಿದ ಧೋತರ ಉಟ್ಟು ಎಲ್ಲರಿಗಿಂತ ಮೊದಲು ಬಂದು ಮೊದಲ ಪಂಕ್ತಿಯ ಮೊದಲ ಜಾಗದಲ್ಲಿ ಕೂತರು. ಹಿಂದೆಯೇ ಬಂದ ಅಂತೋನಪ್ಪನವರು ಅವರನ್ನು ಕಂಡು ಗಕ್ಕನೆ ನಿಂತರು. ಮೊಮ್ಮಗಳ ಮುಖ ನೋಡಿ ತಿರುಗಿ ಹೋಗಲಾರದೆ, ಎದುರು ಪಂಕ್ತಿಯಲ್ಲಿ ಬೀಗರ ಕಡೆ ಬೆನ್ನು ಮಾಡಿ ಕೂತರು.

ಕರುಣಾ ಸೊಂಟಕ್ಕೆ ಟಾವೆಲ್ ಬಿಗಿದು ಬಂದಳು.

"ಅಜ್ಜಾ, ಏಳ್ರಿ."

"ಯಾಕವ್ವಾ? ಇಲ್ಲಿ ಯಾರರ ಕುಂದ್ರಾವ್ರು ಅದಾರೇನು?" ಎಂದರು ದಾನಪ್ಪನವರು.

"ಇಲ್ರಿ, ನೀವು ಬಡಸಬೇಕು."

"ನಾನ? ಕರದು ಕುಂದ್ರಿಸಿ ಮುದುಕಗ ಬಕೀಟ ಹಿಡಸ್ತೀಯೇನು?"

ಕರುಣಾಳ ಮುಖ ಸಣ್ಣದಾಯಿತು. ಎಲ್ಲ ಕೆಟ್ಟಿತೆಂದು ನಾನು ಕಣ್ಣು ಮುಚ್ಚಿದೆ. ಆಗ ಸಾಹೇಬರು ಸೆಟೆದು ನಿಂತು, "ದಾನಪ್ಪನವರ, ನಮ್ಮ ಕರ್ನಲ್ ಸಾಹೇಬ್ರು ತಮ್ಮ ಕೈಲೆ ನನಗ ಪೂರಿ ಹಾಕ್ಯಾರ. ಬಡಾಖಾನಾದಾಗ ಹಿರ್ಯಾರ ಬಡಸಬೇಕು. ನೀವು ಹಿರ್ಯಾರಲ್ಲ ಅಂದ್ರ ಕುಂತ ಉಣ್ರಿ, ಯಾರೂ ಏನೂ ಅನ್ನಂಗಿಲ್ಲ," ಎಂದರು.

ಎದುರು ಪಂಕ್ತಿಯಿಂದ ಅಂತೋನಪ್ಪನವರು ದಡಕ್ಕನೆ ಎದ್ದರು. "ನಾನೂ ಹಿರ್ಯಾನ ಅದೇನಿ. ಎಲ್ಲೈತಿ ಬಕೀಟು?" ಇದನ್ನು ಕೇಳಿದ ಮೇಲೆ ದಾನಪ್ಪನವರು ಕೂತಿರುವುದುಂಟೇ? ಅವರೂ ಧೋತರ ಎತ್ತಿ ಕಟ್ಟಿದರು.

ಸಾರಿನ ಬಕೀಟುಗಳನ್ನು ಅಷ್ಟರಲ್ಲಿ ಎರಡು ಚರ್ಚುಗಳ ಉಳಿದ ಹಿರಿಯರು ಹಿಡಿದುಬಿಟ್ಟಿದ್ದರು. ಉಳಿದದ್ದು ಹುಗ್ಗಿಯ ಬೋಗುಣಿ. ಅದಕ್ಕೆ ಎರಡು ಹಿಡಿಕೆ, ಒಬ್ಬರಿಂದ ಏಳುವಂಥದ್ದಲ್ಲ. ಇಬ್ಬರೂ ಆಚೆ ಈಚೆ ನಿಂತು ಅದನ್ನೇ ನೋಡಿದರು.

"ಎತ್ರಿ," ಎಂದರು ಅಂತೋನಪ್ಪನವರು.

"ಸಾವಕಾಶ. ನನಗ ನಡು ಹಿಡದೈತಿ."

"ನನ್ನ ನಡು ಏನು ಹದಿನೆಂಟರದ್ದೇನ್ರಿ?"

ಮಕ್ಕಳ ಮದುವೆಯಾದ ಮೇಲೆ ಬೀಗರು ಆಡಿದ ಮೊದಲ ಮಾತು ನಡುನೋವಿನದ್ದು. ಬೋಗುಣಿ ಎದ್ದಿತು, ಪ್ರಭಾಕರನ ಮುಂದೆ ಬಂದು ನಿಂತಿತು. ಒಬ್ಬರು ಒಂದು ಸೌಟು ಹಾಕಿದರೆ ಇನ್ನೊಬ್ಬರು ಸೌಟು ಕಸಿದುಕೊಂಡು ಇನ್ನೊಂದು ಹಾಕಿದರು. "ಅಪ್ಪಾ, ಸಾಕ್ರಿ. ಮಾವಾ, ಸಾಕ್ರಿ," ಎನ್ನುತ್ತ ಆ ಹವಾಲ್ದಾರ ತಲೆ ಬಗ್ಗಿಸಿದ. ಅವನ ಕಣ್ಣೀರು ಹುಗ್ಗಿಗೆ ಬಿತ್ತು. ನಾನೂ ಕಣ್ಣೊರೆಸಿಕೊಂಡು ಹೊಗೆ ಎಂದೆ. ಒಲೆ ಆರಿ ಬಹಳ ಹೊತ್ತಾಗಿತ್ತು.

ಕೊನೆಯ ಪಂಕ್ತಿಯಲ್ಲಿ ಬೀಗರು ಪಕ್ಕಪಕ್ಕದಲ್ಲೇ ಕೂತರು. ಕರುಣಾ ಬಡಿಸಿದಳು. ಅಂತೋನಪ್ಪನವರು ಎಲೆಯಲ್ಲಿ ಅಗುಳೂ ಬಿಡದೆ ಉಂಡರು.

ಮುಂದಿನ ಬೇಸಿಗೆಯಲ್ಲಿ ಪ್ರಭಾಕರನಿಗೆ ಕ್ವಾರ್ಟರ್ಸ್ ಸಿಕ್ಕಿತು, ಮನೆಮಂದಿ ಅವನ ಬಳಿಗೆ ಹೊರಟರು. ಫೌಜಿ ಮಕ್ಕಳ ಕೂಟದ ಸಂಕಟವೇ ಇದು. ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ವರ್ಗವಾಗಿ ಹೋಗುತ್ತಾರೆ. ಬಸ್ಸಿನ ಕಿಟಕಿಯಿಂದ ಕರುಣಾ, "ಆಂಟಿ, ನಾವು ಹೋದಮ್ಯಾಲೆ ಅಜ್ಜಾರು ಮತ್ತ ದೂರ ಕುಂದ್ರಾಕಿಲ್ಲಲ್ರಿ?" ಎಂದಳು. ಟಾಟಾ ಮಾಡಿದೆ.

ಈ ವರ್ಷವಂತೂ ಕೂಟದಲ್ಲಿ ಮಕ್ಕಳೇ ಉಳಿದಿಲ್ಲ. ಸವಣೂರಿನವರು ಹೋದರು, ಹಾನಗಲ್ಲಿನ ಹುಡುಗ ಧಾರವಾಡದಲ್ಲಿ ಕಾಲೇಜು ಸೇರಿದ. ಈ ಸಲ ಬಡಾಖಾನಾ ಇಲ್ಲವೆಂದು ಕಳೆದ ಭಾನುವಾರ ಎರಡೂ ಚರ್ಚುಗಳಿಗೆ ಹೇಳಿ ಕಳಿಸಿ ಮನಸ್ಸು ಸಣ್ಣದು ಮಾಡಿಕೊಂಡಿದ್ದೆ. ಮೊನ್ನೆ ಸ್ವೆಟರು ಹರವಿ ತಿರುಗಿದರೆ ಗೇಟಿನಲ್ಲಿ ಬೀಗರಿಬ್ಬರು, ಚಿಲಕ ತೆಗೆಯುವ ರೀತಿಯ ಬಗ್ಗೆ ಜಗಳ ಆಡುತ್ತ ನಿಂತಿದ್ದರು.

"ಬಡಾಖಾನಾ ಇಲ್ಲಂತ?" ಎಂದರು ದಾನಪ್ಪನವರು, ನನ್ನನ್ನೇ ಕೋರ್ಟಿಗೆ ಎಳೆದವರಂತೆ.

"ಹುಡುಗ್ರ ಇಲ್ಲಲ್ರಿ, ಏನ್ ಮಾಡೂದು?"

"ಹುಡುಗ್ರ ಇಲ್ಲಂದ್ರ ಏನಾತ್ರಿ?" ಎಂದರು ಅಂತೋನಪ್ಪನವರು. "ಬಡಸಾವ್ರು ನಾವಿಬ್ರು ಅದೇವಲ್ಲ. ಉಣ್ಣಾವ್ರನ್ನ ನೀವು ಹುಡುಕ್ರಿ."

ಚಪ್ಪಲಿ ಮೆಟ್ಟಿಕೊಂಡು ಆಗಲೇ ಹೊರಟೆ. ಮೊದಲು ಹೋದದ್ದು ಬಸ್ ನಿಲ್ದಾಣದ ಹಿಂದಿನ ಪ್ರಾರ್ಥನಾ ಮಂದಿರಕ್ಕೆ. ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿ ಹಾಡುವವರಿಗೆ ಹಸಿವೂ ಚೆನ್ನಾಗಿಯೇ ಆಗುತ್ತಿರಬೇಕು.