ಕಲ್ಲುದಾರಿಯಲ್ಲಿ ಕರೆದವರು

ಸತ್ತವರು ಬಂದು ಮಾತಾಡಿದರು, ಯಾರೋ ಕೈಹಿಡಿದು ದಾಟಿಸಿದರು ಎಂಬ ಕಥೆ ಶುರುವಾದರೆ ಎದ್ದು ಹೊರಗೆ ಹೋಗುವ ಜಾತಿಯವನು ನಾನು. ನಾಸಿಕ್ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದಿದ್ದೇನೆ. ಒಂದು ರಿವೆಟ್ ಕೂದಲೆಳೆಯಷ್ಟು ಓರೆಯಾಗಿದ್ದರೂ ವಾಪಸ್ ಕಳಿಸುವುದೇ ನನ್ನ ಕೆಲಸವಾಗಿತ್ತು. ಇಂಥವನು ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮದು ಬೀದರ್ ಜಿಲ್ಲೆ, ಭಾಲ್ಕಿ ಕಡೆಯ ಊರು. ನನಗೆ ಒಂಬತ್ತು ವರ್ಷವಾಗಿದ್ದಾಗ ಅವ್ವ ತುಂಬಿದ ಬಸುರಿ. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, ಹೊಟ್ಟೆಗೆ ನನ್ನ ಕಿವಿ ಹಚ್ಚಿಸಿಕೊಂಡು, "ಒಳಗ ನಮ್ಮ ಮಾಣಿಕ ಅದಾನ. ನೀ ಮಾತಾಡ್ಸು, ಅವನಿಗಿ ಕೇಳ್ತದ" ಎಂದಳು. ಆಮೇಲೆ ದನಿ ತಗ್ಗಿಸಿ, "ಹೆಸರು ಯಾರ ಮುಂದೂ ಹೇಳಬ್ಯಾಡ ಮತ್ತ. ಹುಟ್ಟೂತನಕ ಹೇಳಬಾರ್ದು" ಎಂದಳು. ಹದಿನೈದು ದಿನಕ್ಕೆ ತಮ್ಮ ಹುಟ್ಟಿದ. ಅದೇ ದಿನ ಅವ್ವ ತೀರಿಕೊಂಡಳು.

ಅಜ್ಜಿ ಕೂಸಿಗೆ ರಾಜಶೇಖರ ಎಂದು ತನ್ನ ಗಂಡನ ಹೆಸರಿಟ್ಟಳು. ಎಲ್ಲರಿಗೂ ಅವನು ರಾಜು ಆದ. ತೊಟ್ಟಿಲ ಹತ್ತಿರ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಅವ್ವನನ್ನು ಕಳಿಸಿ ತಾನು ಬಂದವನಿಗೆ ಅವ್ವ ಇಟ್ಟ ಹೆಸರನ್ನೂ ಯಾಕೆ ಕೊಡಬೇಕು ಎನ್ನಿಸಿತ್ತು. ಚಿಕ್ಕವನ ಸಿಟ್ಟು ಅದು. ಎರಡು ಮೂರು ವರ್ಷದಲ್ಲಿ ಸಿಟ್ಟೇನೋ ಹೋಯಿತು, ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದೆ. ಆದರೆ ಆ ಹೆಸರು ಮಾತ್ರ ಹೊರಬರಲಿಲ್ಲ. ಅಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬ ಅಂಜಿಕೆ ಸೇರಿಕೊಂಡು, ಅದು ನನ್ನೊಳಗೇ ಉಳಿಯಿತು. ಹೆಂಡತಿಗೂ ಹೇಳಿರಲಿಲ್ಲ.

ನಾನು ನಾಸಿಕ್‌ಗೆ ಬಂದು ನೆಲೆಸಿದ ಮೇಲೆ ರಾಜುವಿಗೂ ಔರಂಗಾಬಾದಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರಲ್ಲ, ಅದೇ ಊರು. ಅವನಿಗೆ ಗುಡ್ಡದಲ್ಲಿ ಸೈಕಲ್ ಹೊಡೆಯುವ ಹುಚ್ಚು ಹತ್ತಿದ್ದು ಅಲ್ಲಿಯ ಗೆಳೆಯರಿಂದ. ನನಗೆ ಹತ್ತಿಸಿದ್ದು ಅವನು. ಆಗ ನನಗೆ ನಲವತ್ತು ದಾಟಿತ್ತು.

ದೇವಳಾಲಿ ಕ್ಯಾಂಪ್ ದಾಟಿ ಸ್ವಲ್ಪ ದೂರ ಹೋದರೆ ಒಂದು ಬೋಳು ಗುಡ್ಡ. ಸೈನ್ಯದಿಂದ ನಿವೃತ್ತರಾದ ಒಬ್ಬ ಮರಾಠಿ ಸುಭೇದಾರರು ಅದರ ಮೇಲೆ ಸೈಕಲ್ ದಾರಿಗಳನ್ನು ಮಾಡಿಸಿ ಬೈಕ್ ಪಾರ್ಕ್ ಎಂದು ಬೋರ್ಡು ಹಾಕಿದ್ದರು. ನಾವೆಲ್ಲ ಅವರನ್ನು ಸುಭೇದಾರ್ ಕಾಕಾ ಎನ್ನುತ್ತಿದ್ದೆವು. ದಾರಿ ಎಂದರೆ ನುಣ್ಣನೆಯದಲ್ಲ. ಉದ್ದಕ್ಕೂ ಕರಿಗಲ್ಲು. ಕೆಲವು ಕಡೆ ಮೆಟ್ಟಿಲಿನ ಹಾಗೆ ಮೊಣಕಾಲೆತ್ತರಕ್ಕೆ ಇಳಿಯುತ್ತದೆ, ಅದನ್ನು ನಾವು ಇಳುವು ಎನ್ನುತ್ತಿದ್ದೆವು; ಕೆಲವು ಕಡೆ ತೆಂಗಿನಕಾಯಿ ಗಾತ್ರದ ಸಡಿಲು ಗುಂಡುಗಳು. ಸೀಟು ಬಿಟ್ಟು ಪೆಡಲ್ ಮೇಲೆ ನಿಂತು, ಮೈಯನ್ನು ಹಿಂದಕ್ಕೆ ಹಾಕಿ ಇಳಿಯಬೇಕು. ಮುಂದಿನ ಹತ್ತು ಅಡಿ ಎಲ್ಲಿ ಚಕ್ರ ಇಡಬೇಕೆಂದು ಕಣ್ಣು ಮೊದಲೇ ನೋಡಿರಬೇಕು. ತಿಂಗಳಿಗೆ ಎರಡು ಸಲವಾದರೂ ರಾಜು ಶನಿವಾರ ಮನ್ಮಾಡ್ ಮೇಲೆ ರೈಲಿನಲ್ಲಿ ನಾಸಿಕ್ ರೋಡಿಗೆ ಬಂದಿಳಿಯುತ್ತಿದ್ದ. ಭಾನುವಾರ ಬೆಳಿಗ್ಗೆ ಇಬ್ಬರೂ ಗುಡ್ಡಕ್ಕೆ. ನನ್ನ ಬಾಳಿನ ಒಳ್ಳೆಯ ದಿನಗಳಲ್ಲಿ ಅವನ್ನು ಮೊದಲು ಎಣಿಸುತ್ತೇನೆ.

ಮೊದಲು ಅವನಿಗೆ ಸಂಜೆ ಹೊತ್ತು ಕಾಣುವುದು ಕಡಿಮೆಯಾಯಿತು. ಆಮೇಲೆ ಪಕ್ಕದಲ್ಲಿ ನಿಂತವರು ಕಾಣದಾದರು. ಕಣ್ಣಿನ ಪರದೆಯೇ ಒಣಗುತ್ತಿದೆ, ಔಷಧವಿಲ್ಲ ಎಂದು ಡಾಕ್ಟರರು ಹೇಳಿದರು. ಆಗ ಅವನಿಗೆ ಮೂವತ್ತಾರು. ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ, ಆ ಕೊಳವೆಯೂ ದಿನಾ ಸಣ್ಣದಾಗುತ್ತಿದೆ ಎನ್ನುತ್ತಿದ್ದ. ಗುಡ್ಡ ಸಾಕು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

"ಪೂರಾ ಹೋಗೋ ಮೊದಲ ಒಮ್ಮಿ ಇಳಿತೀನಿ ಅಣ್ಣಾ. ನೀ ಮುಂದ ಇರು, ಕಲ್ಲು ಬಂದಲ್ಲಿ ಹೇಳು. ನಿನ್ನ ಧ್ವನಿ ಹಿಡ್ಕೊಂಡು ಬರ್ತೀನಿ."

ಅವನ ಹೆಂಡತಿ ಮೀನಾ ಫೋನ್ ಮಾಡಿ, "ಭಾವಾರ, ಅವರಿಗಿ ಬ್ಯಾಡ ಅನಬ್ಯಾಡ್ರಿ. ಮನಿಯಾಗ ಕುಂತು ಗ್ವಾಡಿ ನೋಡ್ತಾರ. ಆದ್ರ ನೀವು ಬಿಟ್ಟು ಅಗಲಬ್ಯಾಡ್ರಿ" ಎಂದಳು. ಒಪ್ಪಿಕೊಂಡೆ.

ಚಳಿಗಾಲದ ಬೆಳಿಗ್ಗೆ, ಬಿಸಿಲು ಚೆನ್ನಾಗಿ ಬಿದ್ದಿತ್ತು. ಕ್ಯಾಂಪಿನ ತೋಪುಖಾನೆಯವರು ಫಿರಂಗಿ ಹಾರಿಸಿ ಅಭ್ಯಾಸ ಮಾಡುವ ಸದ್ದು ದೂರದಿಂದ ಆಗಾಗ ಗುಡುಗಿದ ಹಾಗೆ ಕೇಳುತ್ತಿತ್ತು. ಗುಡ್ಡದಲ್ಲಿ ನಾವಿಬ್ಬರೇ. ಕಾಕಾ ಕೆಳಗೆ ತಮ್ಮ ತಗಡಿನ ಶೆಡ್ಡಿನ ಮುಂದೆ ಕೂತಿದ್ದರು. ನಾನು ಮುಂದೆ ಹೊರಟೆ, ಹತ್ತು ಹೆಜ್ಜೆ ಹಿಂದೆ ರಾಜು. "ಎಡಕ್ಕ ಕಲ್ಲು", "ಇಳುವು ಬಂತು", "ಬ್ರೇಕ್ ಹಿಡಿಬ್ಯಾಡ" ಎಂದು ಕೂಗುತ್ತ ಮೊದಲ ತಿರುವು ದಾಟಿದೆವು. ಎರಡನೆಯದರಲ್ಲಿ ನನ್ನ ಚೈನು ಕಡಿದು ಚಕ್ರಕ್ಕೆ ಸಿಕ್ಕಿಕೊಂಡಿತು. ಸೈಕಲ್ ಸಮೇತ ದಾರಿ ಬದಿಯ ಮುಳ್ಳುಕಂಟಿಗೆ ಬಿದ್ದೆ. ಉಸಿರು ಕಟ್ಟಿ ಕೂಗು ಹೊರಡಲಿಲ್ಲ. ಎದ್ದು ಕೂತು "ರಾಜು, ನಿಲ್ಲು" ಎನ್ನುವಷ್ಟರಲ್ಲಿ ಅವನು ನನ್ನನ್ನು ದಾಟಿ ಹೋಗಿದ್ದ.

ಅಲ್ಲಿಂದ ಕೆಳಗೆ ದಾರಿಯ ಕೆಟ್ಟ ಭಾಗ. ನಾನು ಕುಂಟುತ್ತ ಓಡಿದೆ, ಕೂಗಿದೆ. ಅವನು ತಿರುಗಲಿಲ್ಲ. ಹೆದರಿಕೆಯ ನಡುವೆಯೂ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ರಾಜು ಯಾರಿಗೋ ಉತ್ತರ ಕೊಡುತ್ತಿದ್ದ. ಒಂದೊಂದು ಇಳುವಿಗೂ ಮೊದಲು, "ಹ್ಞೂಂರಿ", "ಆತ್ರಿ", "ಬರ್ಲತ್ತೀನ್ರಿ". ನನಗೆ ಅವನು ಯಾವತ್ತೂ ರೀ ಹಚ್ಚಿ ಮಾತಾಡಿದವನಲ್ಲ. ಅವನ ಮುಂದೆ ಯಾರೂ ಇರಲಿಲ್ಲ. ಮೇಲಿಂದ ಇಡೀ ದಾರಿ ನನಗೆ ಕಾಣುತ್ತಿತ್ತು. ಬರಿಯ ಕಲ್ಲು, ಬಿಸಿಲು, ಅವನ ಸೈಕಲ್ಲು, ಅದರ ಹಿಂದೆ ಏಳುವ ಧೂಳು.

ಆ ಭಾಗದ ಕೊನೆಗೆ ಒಂದು ದೊಡ್ಡ ಇಳುವು. ಅಲ್ಲಿ ಎಲ್ಲರೂ ಬಲಗಡೆಯಿಂದಲೇ ಇಳಿಯುವುದು. ಎಡಗಡೆ ಎರಡು ಬಂಡೆಗಳ ನಡುವೆ ಹ್ಯಾಂಡಲ್ ತೂರುವಷ್ಟೇ ಸಂದಿ, ಅಲ್ಲಿ ಯಾರೂ ಇಳಿದದ್ದನ್ನು ನಾನು ನೋಡಿಲ್ಲ. ರಾಜು ಒಂದು ಗಳಿಗೆ ನಿಧಾನ ಮಾಡಿ, ತಲೆ ಸ್ವಲ್ಪ ವಾರೆ ಮಾಡಿ ಕೇಳಿಸಿಕೊಂಡು, ಎಡಕ್ಕೆ ತಿರುಗಿ ಆ ಸಂದಿಯಲ್ಲಿ ಇಳಿದುಬಿಟ್ಟ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವನು ಕೆಳಗಿನ ಮಟ್ಟಸ ನೆಲದಲ್ಲಿ ಕಾಲೂರಿ ನಿಂತಿದ್ದ.

ನಾನು ಹೋಗಿ ತಲುಪಿದಾಗ ಕಾಕಾ ಅವನಿಗೆ ನೀರು ಕೊಟ್ಟು ನನ್ನತ್ತ ಬಂದರು. "ಭಾವೂ ಕೋಣಾಶಿ ಬೋಲತ್ ಹೋತಾ?" ಎಂದರು ಮೆಲ್ಲಗೆ. ತಮ್ಮ ಯಾರ ಜೊತೆ ಮಾತಾಡುತ್ತಿದ್ದ ಎಂದು ಅವರೂ ಕೇಳಿದರು. ಫೋನಿನಲ್ಲಿ ಇರಬೇಕು ಎಂದೆ. ಅವನ ಫೋನು ನನ್ನ ಚೀಲದಲ್ಲಿತ್ತು.

ರಾಜುವಿನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಇತ್ತು.

"ಆ ಹೆಣ್ಮಗಳು ಎಲ್ಲಿ ಹೋದ್ರು ಅಣ್ಣಾ? ಥ್ಯಾಂಕ್ಸ್ ಹೇಳಬೇಕಿತ್ತು."

"ಯಾವ ಹೆಣ್ಮಗಳು?"

"ನೀ ಸುಮ್ನಾದಿ ನೋಡು, ಆಮ್ಯಾಲ ಅವರೇ ಮುಂದ ಹೋಗ್ಕೋತ ಹೇಳ್ಲತ್ತಿದ್ರು. ನೀನೇ ಹೇಳಿಟ್ಟೀ ಅಂತ ತಿಳ್ಕೊಂಡೆ. ನಮ್ಮ ಭಾಲ್ಕಿ ಕಡಿಯವರೇ, ಮಾತು ಕೇಳಿದ್ರ ಗೊತ್ತಾಗ್ತದ. ಬಲಕ್ಕ ಬ್ಯಾಡ, ಅಲ್ಲಿ ಕಲ್ಲು ಸಡಿಲ ಅದ ಅಂದ್ರು." ಆಮೇಲೆ ನಗುತ್ತ, "ನನ್ನ ಹೆಸರು ಮಾತ್ರ ತಪ್ಪು ಹೇಳಿದಂಗ ಕಾಣ್ತದ. ಮಾಣಿಕಾ, ಮಾಣಿಕಾ ಅಂತ ಕರೀಲತ್ತಿದ್ರು" ಎಂದ.

ನಾನು ಅಲ್ಲೇ ನೆಲದ ಮೇಲೆ ಕೂತೆ. ಬಿದ್ದ ಪೆಟ್ಟಿಗೆ ಕೂತೆನೆಂದು ಅವನು ತಿಳಿದ. ಆ ಹೊತ್ತಿಗಾದರೂ ಹೇಳಬಹುದಿತ್ತು, ಹೇಳಲಿಲ್ಲ. "ಯಾರೋ ಸೈಕಲ್ಲಿನವರು ಇರಬೇಕು, ಹೋಗಿರ್ತಾರ" ಎಂದೆ. ಅವನು ಮತ್ತೆ ಕೇಳಲಿಲ್ಲ.

ಸೈಕಲ್ ತರುವ ನೆಪದಲ್ಲಿ ಮೇಲೆ ಹತ್ತಿ ದೊಡ್ಡ ಇಳುವಿನ ಹತ್ತಿರ ನಿಂತೆ. ಬಲಗಡೆಯ ಚಪ್ಪಡಿಯ ಮೇಲೆ ಕಾಲಿಟ್ಟು ಒತ್ತಿದೆ. ಅದು ಅಲುಗಾಡಿ, ಕೆಳಗಿನ ಜಲ್ಲಿಯ ಮೇಲೆ ಜಾರಿ, ಉರುಳುತ್ತ ಹೋಯಿತು. ಹಿಂದಿನ ವಾರ ನಾನೇ ಅದರ ಮೇಲೆ ಇಳಿದಿದ್ದೆ, ಆಗ ಗಟ್ಟಿಯಾಗಿತ್ತು. ಧೂಳಿನಲ್ಲಿ ರಾಜುವಿನ ಚಕ್ರದ ಗುರುತು, ನನ್ನ ಹೆಜ್ಜೆ ಬಿಟ್ಟರೆ ಹೊಸದೇನೂ ಇರಲಿಲ್ಲ.

ಅವತ್ತಿನಿಂದ ಎಷ್ಟು ತರ್ಕ ಮಾಡಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಊರಿಗೆ ಹೋದಾಗ ಸೋದರತ್ತೆಯನ್ನು ಸುತ್ತಿಬಳಸಿ ಕೇಳಿದೆ. ಅವ್ವ ಯಾವ ಹೆಸರನ್ನೂ ಆಡಿದ್ದು ಅವಳಿಗೆ ಗೊತ್ತಿರಲಿಲ್ಲ. "ನಿಮ್ಮವ್ವ ಭಾಳ ಅಂಜ್ತಿದ್ಳು, ಹೆಸರು ಹ್ಯಾಂಗ ಹೇಳ್ತಾಳ" ಎಂದಳು. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ನಾನೇ ನಿದ್ದೆಯಲ್ಲಿ ಆ ಹೆಸರು ಬಡಬಡಿಸಿ, ಅದು ಅವನ ಕಿವಿಯಲ್ಲಿ ಉಳಿದಿರಬಹುದು. ಕಣ್ಣು ಹೋಗುವವರಿಗೆ ಇಲ್ಲದ ಸದ್ದುಗಳು ಕೇಳುವುದುಂಟೇನೋ. ಚಕ್ರದ ಸದ್ದಿನ ಬದಲಾವಣೆಯಿಂದಲೇ ಸಡಿಲು ಕಲ್ಲು ಅವನಿಗೆ ತಿಳಿದಿರಬಹುದು. ಒಂದೊಂದಕ್ಕೂ ಒಂದೊಂದು ಉತ್ತರ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಯಾವುದೂ ಕೂಡಿಬರುವುದಿಲ್ಲ.

ನಿಜ ಹೇಳಬೇಕೆಂದರೆ ನನ್ನನ್ನು ಕಾಡಿದ್ದು ಬರಿಯ ತರ್ಕವಲ್ಲ. ಒಂಬತ್ತು ವರ್ಷ ಅವ್ವನ ಮಗ್ಗುಲಲ್ಲಿ ಮಲಗಿದವನು ನಾನು. ಗುಡ್ಡದಲ್ಲಿ ಅದೇ ಹೊತ್ತಿಗೆ ನಾನೂ ಇದ್ದೆ, ಬಿದ್ದಿದ್ದೆ. ನನಗೆ ಏನೂ ಕೇಳಲಿಲ್ಲ.

ಎರಡು ವರ್ಷದಲ್ಲಿ ರಾಜುವಿನ ಕಣ್ಣು ಪೂರ್ತಿ ಹೋಯಿತು. ಕಾರ್ಖಾನೆ ಬಿಟ್ಟ. ಮನೆಯ ಕಟ್ಟೆಯ ಮೇಲೆ ಕೂತು ಬೆರಳಿನಲ್ಲೇ ತಡವಿ ಓಣಿಯವರ ಸೈಕಲ್ ರಿಪೇರಿ ಮಾಡುವುದನ್ನು ಕಲಿತ. ಒಂದು ಮಧ್ಯಾಹ್ನ ಮೀನಾ ಕೆಲಸಕ್ಕೆ ಹೋಗಿದ್ದಾಗ ನಾವಿಬ್ಬರೇ ಕೂತಿದ್ದೆವು. ಅವನ ಕೈ ಗ್ರೀಸಿನಲ್ಲಿತ್ತು. ಏನು ತಿಳಿಯಿತೋ, ಎಲ್ಲ ಹೇಳಿಬಿಟ್ಟೆ. ಹೊಟ್ಟೆಗೆ ಕಿವಿ ಹಚ್ಚಿದ್ದು, ಹೆಸರು, ತೊಟ್ಟಿಲ ಹತ್ತಿರ ಬಾಯಿ ಮುಚ್ಚಿ ನಿಂತದ್ದು, ಎಲ್ಲ.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಚೈನನ್ನು ಕೆಳಗಿಟ್ಟು, "ನಾ ಅವ್ವಗ ರೀ ಹಚ್ಚಿ ಮಾತಾಡಿದ್ನಲ್ಲ ಅಣ್ಣಾ" ಎಂದ.

ಅವನು ತಡವಿ ಚೈನನ್ನು ಮತ್ತೆ ಕೈಗೆತ್ತಿಕೊಂಡ.

"ಅವ್ವನ ಧ್ವನಿ ಹ್ಯಾಂಗಿತ್ತು? ನೀ ಕೇಳೀದಿಯಲ್ಲ."

ನೆನೆಸಿಕೊಳ್ಳಲು ನೋಡಿದೆ. ಅವ್ವನ ಕೈ ನೆನಪಿದೆ, ತಲೆ ಸವರುವಾಗ ಬಳೆ ಕಿವಿಗೆ ತಾಗುತ್ತಿದ್ದುದು ನೆನಪಿದೆ. ಅವಳಾಡಿದ ಮಾತುಗಳೂ ನೆನಪಿವೆ. ಧ್ವನಿ ಇಲ್ಲ. ಯಾವಾಗ ಹೋಯಿತೋ ನನಗೇ ಗೊತ್ತಾಗಿರಲಿಲ್ಲ.

"ನಾ ಹೇಳ್ತೀನಿ ತಡಿ" ಎಂದ ರಾಜು. "ಸ್ವಲ್ಪ ದಪ್ಪ ಧ್ವನಿ, ನೆಗಡಿ ಆದವರಂಗ. ಮಾತಿನ ಕೊನಿಗಿ ಸಣ್ಣಗ ಎಳೀತಾಳ. ಹೌದಿಲ್ಲೋ?"

ಅವನು ಮುಖ ನನ್ನತ್ತ ತಿರುಗಿಸಿ ಕಾಯುತ್ತಿದ್ದ.

"ಹೌದು" ಎಂದೆ. "ಹಂಗೇ ಇತ್ತು."

ಅವನು ಗ್ರೀಸಿನ ಕೈಯಲ್ಲೇ ಮುಖ ಒರೆಸಿಕೊಂಡ.

ನಾನು ಹೇಳಿದ್ದು ಸುಳ್ಳೋ ನಿಜವೋ ಇವತ್ತಿಗೂ ತಿಳಿದಿಲ್ಲ. ಈಗ ಅವ್ವನನ್ನು ನೆನೆದರೆ ನೆಗಡಿಯಾದಂಥ, ಕೊನೆಗೆ ಸಣ್ಣಗೆ ಎಳೆಯುವ ಒಂದು ಧ್ವನಿ ಕೇಳುತ್ತದೆ. ಅದು ಮರಳಿ ಬಂದ ನನ್ನ ನೆನಪೋ, ತಮ್ಮನಿಂದ ನಾನು ಪಡೆದುಕೊಂಡದ್ದೋ, ಹೇಳಲಾರೆ.